ಶನಿವಾರದ ಮಾರನೇ ದಿನ ಹುಟ್ಟಿದವರು

ವಾರಕ್ಕೆ ಏಳು ದಿನ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಬಾಯಲ್ಲಿ ಆರೇ ದಿನ. ಏಳನೆಯದಕ್ಕೆ ನಾನು ‘ಶನಿವಾರದ ಮಾರನೇ ದಿನ’ ಎನ್ನುತ್ತೇನೆ. ಮೊನ್ನೆ ಮೊಮ್ಮಗಳು ಇದನ್ನು ಹಿಡಿದಳು. ಓದುವುದು ಎರಡನೇ ಕ್ಲಾಸು, ನಾಲಿಗೆ ಮಾತ್ರ ವಕೀಲರದ್ದು.

“ಅಜ್ಜಿ, ಸಂಡೆ ಅಂದ್ ಹೇಳುಕೆ ಆತಿಲ್ಯಾ ನಿಂಗೆ?”

“ಸಂಡೆ ಅಂದ್ ಹೇಳ್ತೆ ಬೇಕಾರೆ. ಅದ್ ಇಂಗ್ಲಿಷ್, ಅದಕ್ಕೆ ದೋಷ ಇಲ್ಲೆ.”

“ಹಾಂಗಾರೆ ಕನ್ನಡದಗೆ ಹೇಳ್ ಕಾಂಬ.”

“ನಿನ್ ಟೀಚರ್ ಹತ್ರ ಕೇಳ್. ಅವ್ರ್ ಅದಕ್ಕೇ ಸಂಬಳ ತಕಂಬುದ್.”

ಅವಳು ನಕ್ಕು ಓಡಿದಳು. ನಾನು ಮೀನಿನ ಚಟ್ಟಿ ತೊಳೆಯುತ್ತಾ ಇದನ್ನೇ ಯೋಚಿಸಿದೆ. ನಿಮಗೂ ಹೇಳುತ್ತೇನೆ, ಕೇಳಿ. ಇದರಲ್ಲಿ ಇಟಲಿ ದೇಶದ ಒಬ್ಬ ಗಂಡಸೂ ಬರುತ್ತಾನೆ. ಹೆದರಬೇಡಿ, ನನಗೆ ಆಗ ಐವತ್ತು ದಾಟಿತ್ತು.

ಮದುವೆ ಮಾಡಿ ಕಳಿಸುವಾಗ ಅಮ್ಮ ನನಗೆ ಎರಡು ಬುದ್ಧಿ ಹೇಳಿದ್ದಳು. ಒಂದು, ಅತ್ತೆಗಿಂತ ಮೊದಲು ಏಳಬೇಕು. ಇನ್ನೊಂದು, ಗಂಡನ ಹೆಸರು ಹೇಳಬಾರದು, ಹೇಳಿದರೆ ಅವನ ಆಯಸ್ಸು ಸವೆಯುತ್ತದೆ. ಹೆಸರು ಮಾತ್ರವಲ್ಲ, ಆ ಹೆಸರು ಒಳಗೆ ಸೇರಿಕೊಂಡ ಬೇರೆ ಮಾತನ್ನೂ ಹೇಳಬಾರದು. ನಮ್ಮ ಪಕ್ಕದ ಮನೆಯ ಪದ್ದಕ್ಕನ ಗಂಡನ ಹೆಸರು ಚಂದ್ರ. ಅವಳು ಆಕಾಶದ ಚಂದ್ರನಿಗೆ ‘ರಾತ್ರಿ ಬಪ್ಪವ’, ಅಂದರೆ ರಾತ್ರಿ ಬರುವವನು, ಎನ್ನುತ್ತಿದ್ದಳು. “ನಿನ್ನೆ ರಾತ್ರಿ ಬಪ್ಪವ ಎಷ್ಟ್ ಲಾಯ್ಕ್ ಇದ್ದಿದ ಕಾಣಿ” ಎಂದು ಬಾವಿಕಟ್ಟೆಯಲ್ಲಿ ಅವಳು ಹೇಳಿದರೆ, ಊರಿಗೆ ಹೊಸದಾಗಿ ಬಂದ ಹೆಂಗಸರು ಕೊಡಪಾನ ಬಿಟ್ಟು ಅವಳ ಮುಖ ನೋಡುತ್ತಿದ್ದರು.

ನನ್ನ ಗಂಡನ ಹೆಸರು ಐತ. ಬರೆಯುವುದಕ್ಕೆ ಈಗ ನನಗೆ ಅಡ್ಡಿಯಿಲ್ಲ, ಬಾಯಿಗೆ ಮಾತ್ರ ಹಳೇ ಅಭ್ಯಾಸ ಹೋಗಿಲ್ಲ. ಮೊದಲು ಬರೆಯುವುದಕ್ಕೂ ಕೈ ಹೋಗುತ್ತಿರಲಿಲ್ಲ. ಐತವಾರ ಹುಟ್ಟಿದವನು ಐತ. ನಮ್ಮ ಕಡೆ ಹಳಬರು ಭಾನುವಾರಕ್ಕೆ ಐತವಾರ ಎನ್ನುವುದು. ಭಾನುವಾರವೆಂದರೂ ಅದೇ ದಿನವಲ್ಲವೇ, ಅದನ್ನೂ ನಾನು ಬಾಯಿಗೆ ತರುವುದಿಲ್ಲ. ಈಗ ತಿಳಿಯಿತಲ್ಲ, ನನ್ನ ವಾರಕ್ಕೆ ಆರು ದಿನ ಯಾಕೆ ಎಂದು.

ನಮ್ಮಂಥ ಮನೆಗಳಲ್ಲಿ ಹೆಸರಿಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಭೂಮಿ ಇದ್ದವರು ಜಾತಕ ಬರೆಸುತ್ತಿದ್ದರು, ಪುರೋಹಿತರು ಅಕ್ಷರ ಹೇಳುತ್ತಿದ್ದರು. ನಾವು ಯಾವ ವಾರ ಎಂದು ನೋಡುತ್ತಿದ್ದೆವು, ಮುಗಿಯಿತು. ಸೋಮವಾರದವನು ಸೋಮ, ಮಂಗಳವಾರ ಅಂಗಾರ, ಗುರುವಾರ ಗುರುವ, ಶುಕ್ರವಾರ ಸುಕ್ರ, ಶನಿವಾರ ಸನಿಯ. ನಮ್ಮ ಕೇರಿಯಲ್ಲಿ ಇಬ್ಬರು ಸುಕ್ರರಿದ್ದರು, ಉದ್ದ ಸುಕ್ರ ಮತ್ತು ಗಿಡ್ಡ ಸುಕ್ರ. ಗಿಡ್ಡ ಸುಕ್ರನ ಅಮ್ಮನಿಗೆ ಸಾಯುವವರೆಗೂ ಸಂಶಯವಿತ್ತು, ಮಗ ಹುಟ್ಟಿದ್ದು ಗುರುವಾರವೋ ಏನೋ ಎಂದು. ನನ್ನ ಹೆಸರು ಲಚ್ಚು. ನನಗೆ ವಾರದ ಹೆಸರಿಲ್ಲ. ನಾನು ಹುಟ್ಟಿದ ದಿನ ಮನೆಯಲ್ಲಿ ಗಲಾಟೆ ನಡೆದಿತ್ತಂತೆ, ವಾರ ನೋಡಲು ಮರೆತರು.

ಗಂಡನನ್ನು ನಾನು ಕರೆಯುತ್ತಿದ್ದದ್ದು ‘ಕೇಂಡ್ರ್ಯಾ’ ಎಂದು, ಕೇಳಿದಿರಾ ಎಂದ ಹಾಗೆ. ದೂರ ಇದ್ದರೆ ‘ಹ್ವಾಯ್’. ದಡದಲ್ಲಿ ಕೈರಂಪಣಿ ಬಲೆ ಎಳೆಯುವಾಗ ಇಪ್ಪತ್ತು ಮೂವತ್ತು ಗಂಡಸರು ಸಾಲಾಗಿ ನಿಂತಿರುತ್ತಿದ್ದರು. ನಾನು ಗಂಜಿ ತೆಗೆದುಕೊಂಡು ಹೋಗಿ ‘ಹ್ವಾಯ್’ ಎಂದರೆ ಅರ್ಧ ಜನ ತಿರುಗಿ ನೋಡುತ್ತಿದ್ದರು. ನನ್ನ ಗಂಡನೊಬ್ಬ ತಿರುಗುತ್ತಿರಲಿಲ್ಲ. ಕಿವಿ ಸ್ವಲ್ಪ ಮಂದ.

ಈ ಹೇಳಬಾರದ ಹೆಸರಿನಿಂದ ಒಂದು ಎಡವಟ್ಟಾಯಿತು. ಮಗ ಮಹೇಶ ಚಿಕ್ಕವನಿರುವಾಗ ರೇಷನ್ ಕಾರ್ಡು ಹೊಸದಾಗಿ ಬರೆಯಲು ಒಬ್ಬ ಗುಮಾಸ್ತರು ಶಾಲೆಯ ಜಗಲಿಗೆ ಬಂದು ಕುಳಿತಿದ್ದರು. ಘಟ್ಟದ ಮೇಲಿನವರು, ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಗಂಡ ಕಡಲಿಗೆ ಹೋಗಿದ್ದರಿಂದ ನಾನೇ ಸಾಲಿನಲ್ಲಿ ನಿಂತೆ.

“ಯಜಮಾನರ ಹೆಸರೇನಮ್ಮಾ?”

ನಾನು ಹಿಂದೆ ನಿಂತವಳ ಮುಖ ನೋಡಿದೆ. ನಮ್ಮೂರಿನವರಾದರೆ ಹಿಂದಿನವಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಇವರು ಮತ್ತೆ ಕೇಳಿದರು. ನಾನು ಹೇಳಿದೆ, “ಶನಿವಾರದ್ ಮಾರ್ನೆ ದಿನ ಕಾಣಿ, ಅದೇ ಹೆಸ್ರ್.”

“ಭಾನುವಾರಾನಾ? ಭಾನು ಅಂತ ಹೆಂಗಸರಿಗಿಡ್ತಾರಲ್ಲಮ್ಮ. ರವಿ ಅಂತ ಬರೀತೀನಿ ತಗೊಳ್ಳಿ. ಎಲ್ಲಾ ಒಂದೇ ಸೂರ್ಯ.”

ನನ್ನ ಹಿಂದೆ ನಲವತ್ತು ಜನ. ಬಿಸಿಲು. ನಾನು ಹೂಂ ಎಂದೆ.

ರಾತ್ರಿ ಕಾರ್ಡು ನೋಡಿ ಗಂಡ ಕೇಳಿದರು, “ಈ ರವಿ ಯಾರ್ ಮಾರಾಯ್ತಿ? ಅವ್ನಿಗೂ ನಮ್ ಪಾಲಿನ ಅಕ್ಕಿ ಕೊಡುಕಾ?”

ಇಬ್ಬರೂ ನಕ್ಕೆವು. ಆಮೇಲೆ ನಗುವುದಕ್ಕೆ ಏನೂ ಇರಲಿಲ್ಲ. ಆ ಕಾರ್ಡಿನಿಂದ ಮತದಾರರ ಪಟ್ಟಿಗೆ ಹೋಯಿತು, ಅಲ್ಲಿಂದ ಬ್ಯಾಂಕಿನ ಪುಸ್ತಕಕ್ಕೆ. ತೊಂಬತ್ತೇಳರಲ್ಲಿ ಅವರು ಕಾಮಾಲೆಯಿಂದ ಸತ್ತಾಗ ಮರಣದ ಕಾಗದದಲ್ಲೂ ಸತ್ತವನು ರವಿ. ಐತ ಎಂಬ ಮನುಷ್ಯ ಸತ್ತದ್ದಕ್ಕೆ ಸರಕಾರದಲ್ಲಿ ದಾಖಲೆಯೇ ಇಲ್ಲ. ಇಪ್ಪತ್ತಮೂರು ವರ್ಷದಲ್ಲಿ ನಾನು ಒಂದು ಸಲವೂ ಹೆಸರು ಹೇಳಿರಲಿಲ್ಲ, ಆದರೂ ನಲವತ್ತೆಂಟಕ್ಕೇ ಹೋದರು. ಅಮ್ಮನ ಬುದ್ಧಿಮಾತಿನ ಮೇಲೆ ನನಗೆ ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ. ದುಃಖದಲ್ಲಿದ್ದಾಗ ಲೆಕ್ಕ ಹಾಕಲು ತಲೆ ಓಡುವುದಿಲ್ಲ.

ಆಮೇಲೆ ನಾನು ತಲ್ಲೂರಿನ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಗೆ ಸೇರಿದೆ. ಬೀಜ ಒಡೆಯುವ ಕೆಲಸ. ಬೀಜದ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ, ಕೈಗೆ ಬೂದಿ ಬಳಿದುಕೊಂಡು ಕುಳಿತುಕೊಳ್ಳಬೇಕು. ನೂರು ಹೆಂಗಸರು ಸಾಲಾಗಿ ಕುಳಿತು ಟಕಟಕ ಬಡಿಯುತ್ತಿದ್ದರೆ ಪಕ್ಕದವಳ ಮಾತು ಕೇಳುವುದಿಲ್ಲ. ಆದರೂ ಮಾತಾಡದೆ ಬಿಟ್ಟವರಿಲ್ಲ.

ಇಸವಿ ಎರಡು ಸಾವಿರದ ಆರಿರಬೇಕು. ಧನಿಗಳು ಇಟಲಿಯಿಂದ ಬೀಜ ಒಡೆಯುವ ಯಂತ್ರ ತರಿಸಿದರು. ಅದರ ಹಿಂದೆಯೇ ಅದನ್ನು ಕೂಡಿಸಲು ಒಬ್ಬ ಮೇಸ್ತ್ರಿ ಬಂದ. ಐವತ್ತೊಂಬತ್ತು ವರ್ಷ, ದೊಡ್ಡ ಹೊಟ್ಟೆ, ಬಿಳಿ ಮೀಸೆ, ಯಾವಾಗಲೂ ಕಿಸೆಯಲ್ಲಿ ಒಂದು ಸ್ಪಾನರ್. ಹೆಸರು ದೊಮೆನಿಕೊ. ಯಂತ್ರ ಬಂದರೆ ನಮ್ಮ ಕೆಲಸ ಹೋಗುತ್ತದೆ ಎಂದು ಹೆಂಗಸರೆಲ್ಲ ಅವನನ್ನು ಹುಲಿ ನೋಡಿದ ಹಾಗೆ ನೋಡಿದರು. ಮೂರನೇ ದಿನ ಅವನು ಬಂದು ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಬೂದಿ ಬಳಿದುಕೊಂಡು, ಕೈಯಲ್ಲಿ ಬೀಜ ಒಡೆಯಲು ಹೋಗಿ ಹತ್ತರಲ್ಲಿ ಒಂಬತ್ತು ಪುಡಿ ಮಾಡಿದ. ಅಂದಿನಿಂದ ಭಯ ಹೋಯಿತು.

ಅವನಿಗೆ ಊಟ ಸರಿಹೊಂದಲಿಲ್ಲ. ಲಾಡ್ಜಿನ ಸಾಂಬಾರು ತಿಂದು ಎರಡು ದಿನ ಮಲಗಿದ. ಧನಿಗಳು ನನ್ನನ್ನು ಕರೆದರು, “ಲಚ್ಚೂ, ನಿನ್ ಮನಿ ಹತ್ರ ಇತ್ತಲ್ಲ, ಇವ್ನಿಗೆ ಮೀನ್ ಬೇಯ್ಸಿ ಹಾಕ್. ಖಾರ ಹಾಕ್ಬ್ಯಾಡ.”

“ಖಾರ ಹಾಕ್ದೆ ಮೀನ್ ಬೇಯ್ಸುದ್ ಹ್ಯಾಂಗೆ ಧನಿ? ಅದ್ ಮೀನಿಗೂ ಅವಮಾನ.”

“ಮೀನ್ ಬಂದ್ ದೂರ್ ಕೊಡ್ತಿಲ್ಲೆ. ಮಾಡ್.”

ಹಾಗೆ ನಾನು ಬೀಜ ಬಿಟ್ಟು ಆಫೀಸಿನ ಮಹಡಿ ಮೇಲಿನ ಕೋಣೆಯಲ್ಲಿ ಅಡುಗೆಯವಳಾದೆ. ಬಂಗುಡೆ ಸುಟ್ಟು ಲಿಂಬೆ ಹಿಂಡಿ ಕೊಟ್ಟರೆ ಅವನಿಗೆ ಸ್ವರ್ಗ. ಮುಳ್ಳು ಬಿಡಿಸುವುದು ನೋಡಿದೆ, ಕಡಲ ಬದಿಯವನೇ ಎಂದು ಗೊತ್ತಾಯಿತು. ತಟ್ಟೆಯಲ್ಲಿ ಮುಳ್ಳು ಬಾಚಣಿಗೆಯ ಹಾಗೆ ಇಡಿಯಾಗಿ ಉಳಿಯುತ್ತಿತ್ತು. ಕಾಫಿ ಮಾತ್ರ ಅವನೇ ಮಾಡಿಕೊಳ್ಳುತ್ತಿದ್ದ. ಅದಕ್ಕೆ ಊರಿನಿಂದ ತಂದ ಒಂದು ಸಣ್ಣ ಪಾತ್ರೆ, ನಡು ಸಣ್ಣ, ಮೇಲೆ ಕೆಳಗೆ ದಪ್ಪ. ಒಲೆಯ ಮೇಲಿಟ್ಟರೆ ಕೆಳಗಿನ ನೀರು ತಾನಾಗಿ ಮೇಲಿನ ಹೊಟ್ಟೆಗೆ ಹತ್ತಿ ಕಾಫಿಯಾಗುತ್ತಿತ್ತು. ನನಗೂ ಒಮ್ಮೆ ಕೊಟ್ಟ. ಬಾಣಂತಿಗೆ ಕೊಡುವ ಕಷಾಯ ಅದಕ್ಕಿಂತ ಸಿಹಿ.

ಮಾತಿಗೆ ನಡುವೆ ವಿನೋದ ಇದ್ದಳು. ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಬರುವ ಆಫೀಸಿನ ಹುಡುಗಿ, ಬಿ.ಕಾಂ. ಓದಿದವಳು. ಅವನ ಇಂಗ್ಲಿಷೂ ಅರೆಬರೆಯಂತೆ. ಅವನು ಅರ್ಧ ಮಾತು, ಅರ್ಧ ಕೈ. ಅವಳು ಅದನ್ನು ಕನ್ನಡ ಮಾಡುತ್ತಿದ್ದಳು. ಹೀಗೆ ಒಂದು ಮಾತು ಇಟಲಿಯಿಂದ ತಲ್ಲೂರಿಗೆ ಬರುವಾಗ ಮೀನು ತಣ್ಣಗಾಗುತ್ತಿತ್ತು.

ಒಂದು ಶನಿವಾರ ಧನಿಗಳಿಗೆ ಅವಸರವಾಯಿತು. ಮಾರನೇ ದಿನವೂ ಬಂದು ಯಂತ್ರ ನೋಡಲು ಹೇಳಿ ವಿನೋದಳನ್ನು ಮೇಲೆ ಕಳಿಸಿದರು. ದೊಮೆನಿಕೊ ಎದ್ದು ನಿಂತು, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಯ ಸಾಲಿನ ಮೇಲೆ ಬೆರಳಿಟ್ಟ. ಅದೇ ಬೆರಳನ್ನು ತನ್ನ ಎದೆಯ ಮೇಲಿಟ್ಟ. ಮತ್ತೆ ಕ್ಯಾಲೆಂಡರು, ಮತ್ತೆ ಎದೆ.

“ಎಂತ ಅಂಬ್ರ್?” ಎಂದು ಕೇಳಿದೆ.

ವಿನೋದ ನಗುತ್ತಿದ್ದಳು. “ಸಂಡೆ ಕೆಲ್ಸ ಮಾಡ್ತಿಲ್ಲೆ ಅಂಬ್ರ್ ಲಚ್ಚಕ್ಕ. ಆ ದಿನ ಇವ್ರದ್ದೇ ಅಂಬ್ರ್. ಇವ್ರ ಭಾಷೆಯಗೆ ಸಂಡೆಗೆ ದೊಮೆನಿಕ ಅಂತ್ರ್. ಆ ದಿನ ಹುಟ್ಟಿದವ್ರಿಗೆ ದೊಮೆನಿಕೊ ಅಂದ್ ಹೆಸ್ರ್ ಇಡುದಂಬ್ರ್.”

ನನ್ನ ಕೈಯಲ್ಲಿದ್ದ ಸಟ್ಟುಗ ಅಲ್ಲೇ ನಿಂತಿತು. ಇಟಲಿ ಎಲ್ಲಿದೆ ಎಂದು ನನಗೆ ಗೊತ್ತಿಲ್ಲ. ಅಲ್ಲಿನವರು ಹಡಗು, ಯಂತ್ರ ಮಾಡುವ ಜನ. ಅವರೂ ಮಗು ಹುಟ್ಟಿದಾಗ ಯಾವ ವಾರ ಎಂದು ನೋಡುತ್ತಾರೆಯೇ?

“ಹುಟ್ಟಿದ್ ದಿನ ಕಂಡ್ ಹೆಸ್ರ್ ಇಡುದಾ? ಸಮಾ ಕೇಳ್ ಹೆಣೆ.”

ಸಮಾ ಕೇಳಿದಳು. ಹಳೇ ಕಾಲದ ಅವರ ಭಾಷೆಯಲ್ಲಿ ಆ ಮಾತಿನ ಬೇರು ‘ಧನಿ’ ಎಂದಂತೆ. ಒಡೆಯ.

“ನಮ್ ಬೀಜದ್ ಧನಿ ಅಲ್ಲ ಲಚ್ಚಕ್ಕ, ಮೇಲಿನ ಧನಿ. ದೇವ್ರ್. ಆ ದಿನ ದೇವ್ರದ್ದ್. ಆ ದಿನ ಹುಟ್ಟಿದವ ದೇವ್ರಿಗೆ ಸೇರ್ದವ.”

“ಹಾಂಗಾರೆ ಉಳ್ದ್ ದಿನ ಹುಟ್ಟಿದವ್ರ್ ಯಾರಿಗೆ ಸೇರ್ದವ್ರ್? ಸೋಮವಾರದವಂಗೆ ಎಂತ ಹೆಸ್ರ್?”

ದೊಮೆನಿಕೊ ತಲೆ ಕೆರೆದುಕೊಂಡ. ಸೋಮವಾರಕ್ಕೆ ಅವನಿಗೆ ಏನೂ ನೆನಪಾಗಲಿಲ್ಲ. ಮಂಗಳವಾರಕ್ಕೂ ಇಲ್ಲ. ಮತ್ತೆ ತಟ್ಟನೆ ಸ್ಪಾನರಿನಿಂದ ಮೇಜು ಕುಟ್ಟಿದ. ಅವನ ಅಮ್ಮನ ಅಣ್ಣನ ಹೆಸರು ಸಬತೀನೊ. ಶನಿವಾರ ಹುಟ್ಟಿದವನು.

ನಮ್ಮ ಸನಿಯ! ನನಗೆ ಎಷ್ಟು ಖುಷಿಯಾಯಿತು ಎಂದರೆ, ಅವನಿಗೆ ಕೇಳದೆ ಇನ್ನೊಂದು ಬಂಗುಡೆ ಬಡಿಸಿದೆ. ಕಡಲಿನ ಆ ಕಡೆಯೂ ಒಬ್ಬ ಸನಿಯ ಚಡ್ಡಿ ಹಾಕಿಕೊಂಡು ಓಡಾಡಿದ್ದಾನೆ ಎಂದರೆ ಸಣ್ಣ ವಿಷಯವೇ?

ಆಗ ವಿನೋದ ನನ್ನನ್ನು ಹಿಡಿದಳು. “ಲಚ್ಚಕ್ಕ, ನೀವ್ ಯಾವತ್ತೂ ಶನಿವಾರದ್ ಮಾರ್ನೆ ದಿನ ಅಂದೇ ಹೇಳ್ತ್ರಿ. ಎಂತಕ್ಕೆ?”

ನಾನು ಅದನ್ನೂ ಹೇಳಿದೆ, ಹೆಸರೊಂದು ಬಿಟ್ಟು. ಅವಳು ಅವನಿಗೆ ಹೇಳಿದಳು. ಅವನು ಗಂಡನ ಹೆಸರೇನು ಎಂದು ಕೇಳಿದ. ವಿನೋದ, “ರಿಜಿಸ್ಟರಿನಗೆ ರವಿ ಅಂದ್ ಇತ್ತ್” ಎಂದಳು. ನಾನು ಅಲ್ಲ ಎಂದು ತಲೆ ಆಡಿಸಿ, ಎದ್ದು ಹೋಗಿ ಕ್ಯಾಲೆಂಡರಿನ ಅದೇ ಕೆಂಪು ಸಾಲಿನ ಮೇಲೆ ಬೆರಳಿಟ್ಟೆ.

“ಐತನಾ?” ಎಂದಳು ವಿನೋದ ಮೆಲ್ಲಗೆ. ಬ್ರಹ್ಮಾವರದ ಕಡೆಯೂ ಐತಂದಿರಿಗೆ ಬರವಿರಲಿಲ್ಲ.

ದೊಮೆನಿಕೊ ಊಟ ಬಿಟ್ಟು ಎದ್ದ. “ಐತಾ!” ಎಂದ. ತನ್ನ ಎದೆ ಬಡಿದುಕೊಂಡು ಮತ್ತೆ, “ಐತಾ!” ಎಂದ. ನಾನು ತಲೆ ತಗ್ಗಿಸಿದೆ. ಪರಗಂಡಸು ಎದೆ ಬಡಿದು ನಾನೇ ನಿನ್ನ ಗಂಡ ಎಂದ ಹಾಗಾಯಿತಲ್ಲ! ವಿನೋದ ನಕ್ಕು ನಕ್ಕು ಮೆಟ್ಟಿಲಿನ ಮೇಲೆ ಕುಳಿತಳು.

ನನ್ನ ಕುತೂಹಲ ಅಲ್ಲಿಗೆ ನಿಲ್ಲಲಿಲ್ಲ. ಅವನ ಹೆಂಡತಿ ಅವನನ್ನು ಏನೆಂದು ಕರೆಯುತ್ತಾಳೆ ಎಂದು ಕೇಳಿಸಿದೆ. ‘ಮಿಮ್ಮೊ’ ಅಂತೆ. ದೊಮೆನಿಕೊವನ್ನು ಒರೆಸಿ ಒರೆಸಿ ಸಣ್ಣದು ಮಾಡಿದರೆ ಮಿಮ್ಮೊ ಆಗುತ್ತದಂತೆ. ಲಕ್ಷ್ಮಿ ಲಚ್ಚು ಆಗುವುದಿಲ್ಲವೇ, ಹಾಗೆ. ಅವಳು ಮಹಡಿಯಲ್ಲಿ ನಿಂತು ಕೂಗಿದರೆ ಬೀದಿಗೆಲ್ಲ ಕೇಳುತ್ತದಂತೆ.

“ಹೆಸ್ರ್ ಹಿಡ್ದಾ? ದಿನಕ್ಕೆ ಎಷ್ಟ್ ಸಲ?”

ಅವನು ಎರಡೂ ಕೈಯ ಬೆರಳು ಬಿಡಿಸಿ ತೋರಿಸಿ, ಸಾಲದೆಂದು ಇನ್ನೊಮ್ಮೆ ತೋರಿಸಿದ.

ಆ ದಿನ ಪಾತ್ರೆ ತೊಳೆಯುವಾಗ ನನ್ನ ತಲೆಯಲ್ಲಿ ಇದೇ ಸುತ್ತುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಹೆಂಡತಿಯಿಂದ ಹೆಸರು ಹಿಡಿದು ಕರೆಸಿಕೊಂಡ ಗಂಡಸು ಐವತ್ತೊಂಬತ್ತಕ್ಕೆ ಹೊಟ್ಟೆ ಬೆಳೆಸಿ ಮೂರನೇ ಬಂಗುಡೆ ತಿನ್ನುತ್ತಿದ್ದಾನೆ. ಒಂದು ಸಲವೂ ಕರೆಸಿಕೊಳ್ಳದವರು ನಲವತ್ತೆಂಟಕ್ಕೇ ಹೋದರು. ಅಮ್ಮ ಬದುಕಿದ್ದರೆ ಕೇಳಬಹುದಿತ್ತು. ಅವಳೂ ಅಪ್ಪನ ಹೆಸರು ಹೇಳದೆ ಮೂವತ್ತಕ್ಕೇ ವಿಧವೆಯಾದವಳು.

ಇನ್ನೊಂದು ವಿಷಯ ಅವನು ಹೇಳಿದ್ದು ನನಗೆ ಬಿಡದೆ ಕಾಡಿತು. ಅವರ ಕಡೆ ಹಿರಿಯ ಮಗನಿಗೆ ಅಜ್ಜನ ಹೆಸರಿಡುತ್ತಾರಂತೆ. ಇವನ ಅಜ್ಜ ದೊಮೆನಿಕೊ, ಇವನು ದೊಮೆನಿಕೊ, ಮಗನ ಮಗನೂ ದೊಮೆನಿಕೊ. ಮೊಮ್ಮಗ ಹುಟ್ಟಿದ್ದು ಬುಧವಾರವಂತೆ, ಆದರೂ. ಅಂದರೆ ವಾರ ನೋಡಿ ಇಟ್ಟದ್ದು ಯಾರೋ ಒಬ್ಬ ಹಳೇ ಅಜ್ಜನಿಗೆ. ಉಳಿದವರು ಅವನನ್ನು ಬಿಡಬಾರದು ಎಂದು ಹಿಡಿದುಕೊಂಡು ಬಂದವರು. ನಮ್ಮಲ್ಲಿ ನೋಡಿ, ಬಿಟ್ಟರೆ ಸಾಕು ಎನ್ನುವವರೇ ಎಲ್ಲ.

ವಿನೋದಳ ಬಾಯಿಂದ ಸುದ್ದಿ ಕೆಳಗೆ ಇಳಿಯಿತು. ಎರಡೇ ದಿನದಲ್ಲಿ ಕಾರ್ಖಾನೆಯ ಹೆಂಗಸರಿಗೆಲ್ಲ ಅವನು ‘ಐತಣ್ಣ’ ಆದ. “ಐತಣ್ಣ, ಮಿಷನ್ ನಿಂತೋಯ್ತ್!” “ಐತಣ್ಣ, ಊಟ ಆಯ್ತಾ?” ಅವನೂ ಕರೆದ ಕಡೆಗೆಲ್ಲ ಓಡಿದ. ಧನಿಗಳು ಅವನ ಎದುರು ಕೈಕಟ್ಟಿ ನಿಂತು, “ಐತ ಸಾಹೇಬ್ರೆ” ಎನ್ನುವುದನ್ನು ನಾನೇ ಕೇಳಿದ್ದೇನೆ. ಇಡೀ ಕಾರ್ಖಾನೆಯಲ್ಲಿ ಅವನನ್ನು ದೊಮೆನಿಕೊ ಎಂದು ಕರೆಯುತ್ತಿದ್ದವಳು ನಾನೊಬ್ಬಳೇ. ಇನ್ನೊಂದು ಹೇಳಲು ಬರುವುದಿಲ್ಲವಲ್ಲ!

ಇದೇ ಹೊತ್ತಿಗೆ ಮಹೇಶನ ಮದುವೆ ಗೊತ್ತಾಗಿತ್ತು. ಅವನು ಕುಂದಾಪುರ ಬೈಂದೂರು ಬಸ್ಸಿನಲ್ಲಿ ಕಂಡಕ್ಟರು. ಹೆಣ್ಣು ಬೈಂದೂರಿನದು, ಅವಳ ಅಪ್ಪ ಪೋಸ್ಟಾಫೀಸಿನಲ್ಲಿದ್ದು ನಿವೃತ್ತರಾದವರು. ದಿನಾ ಇವನ ಬಸ್ಸಿನಲ್ಲೇ ಓಡಾಡಿ, ಚಿಲ್ಲರೆ ಸರಿಯಾಗಿ ಕೊಡುವ ಹುಡುಗ ಎಂದು ಮೆಚ್ಚಿದರಂತೆ. ಮಹೇಶ ಲಗ್ನಪತ್ರಿಕೆಯ ಮಾದರಿ ತಂದು ನನಗೆ ಓದಿ ಹೇಳಿದ: “ಶ್ರೀಮತಿ ಲಕ್ಷ್ಮೀ ಮತ್ತು ದಿವಂಗತ ರವಿ ಇವರ ಪುತ್ರ…”

“ನಿಲ್ಲ್” ಎಂದೆ. “ಲಚ್ಚು ಅಂಬುದಕ್ಕೆ ಲಕ್ಷ್ಮೀ ಅಂದ್ ಹಾಕಿರೆ ನಂಗೆ ಸೀರೆ ಉಡ್ಸಿದ್ ಹಾಂಗಾಯ್ತ್, ಅಡ್ಡಿಲ್ಲೆ. ಈ ರವಿ ಯಾರ್? ನನ್ ಪಕ್ಕದಗೆ ಬೇರೆ ಗಂಡ್ಸನ್ನ ತಂದ್ ಕೂರ್ಸ್ತ್ಯಾ?”

“ರೇಷನ್ ಕಾರ್ಡಿನಗೆ ಅದೇ ಇತ್ತಲ್ಲ ಅಮ್ಮ.”

“ರೇಷನ್ ಕಾರ್ಡ್ ನಿನ್ನನ್ ಹೆತ್ತಿತ್ತಾ?”

ಅವನಿಗೆ ಸಿಟ್ಟು ಬಂತು. “ಕಾರ್ಖಾನೆಯಗೆ ಎಲ್ಲರೂ ಆ ಬಿಳಿ ಮನ್ಷನ್ನ ಐತಣ್ಣ ಐತಣ್ಣ ಅಂದ್ ತಮಾಷಿ ಮಾಡ್ತ್ರ್ ಅಂಬ್ರ್. ಅಪ್ಪಯ್ಯನ ಹೆಸ್ರ್ ಇಟ್ಕಂಡ್ ನಗಾಡ್ತ್ರ್. ಅದನ್ನೂ ನೀನೇ ಶುರು ಮಾಡಿದ್ ಅಲ್ದಾ?”

“ತಮಾಷಿ ಅಲ್ಲ ಮಗಾ. ಅವ್ರದ್ದೂ ಅದೇ ಹೆಸ್ರ್.”

“ಅವ್ರಿಗಾರೆ ಚಂದ. ನಂಗೆ? ಶಾಲಿಯಗೆ ಮಾಸ್ಟ್ರ್ ಅಪ್ಪನ ಹೆಸ್ರ್ ಕೇಂಡ್ರೆ ಇಡೀ ಕ್ಲಾಸ್ ನಗಾಡ್ತಿತ್ತ್. ‘ನಾಳೆ ನಿನ್ ಅಪ್ಪಯ್ಯನ ದಿನ, ಶಾಲಿಗೆ ರಜೆ’ ಅಂತಿದ್ರ್. ಏಳ್ ವರ್ಷ ಕೇಂಡಿದೆ. ಬೈಂದೂರಿನಗೆ ಇನ್ನೊಂದ್ ಸಲ ಕೇಂಬುಕೆ ನನ್ ಹತ್ರ ಆತಿಲ್ಲೆ.”

ಈ ವಿಷಯ ನನಗೆ ಗೊತ್ತಿರಲಿಲ್ಲ. ಅವನು ಶನಿವಾರ ಮಧ್ಯಾಹ್ನ ಶಾಲೆಯಿಂದ ಮುಖ ಊದಿಸಿಕೊಂಡು ಬರುತ್ತಿದ್ದದ್ದು ಗೊತ್ತಿತ್ತು. ಹಸಿವು ಎಂದುಕೊಂಡು ಬಡಿಸುತ್ತಿದ್ದೆ.

ನಾನು ದೊಮೆನಿಕೊ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ಧನಿಯ ದಿನ, ದೇವರಿಗೆ ಸೇರಿದವನು, ಮೂರು ತಲೆ ದೊಮೆನಿಕೊ, ಶನಿವಾರದ ಸಬತೀನೊ, ಎಲ್ಲ. ಅವನು ಕೇಳಿದ. ಕೇಳಿ ಒಂದು ಮಾತು ಹೇಳಿದ, ಅದು ಕಂಡಕ್ಟರನ ಮಾತು, ಟಿಕೆಟ್ ಹರಿದ ಹಾಗೆ.

“ಅಷ್ಟ್ ಚಂದದ ಹೆಸ್ರ್ ಆರೆ ನೀನ್ ಒಂದ್ ಸಲ ಹೇಳ್ ಕಾಂಬ. ನೀನೇ ಹೇಳುಕೆ ನಾಚ್ಕಂಬು ಹೆಸ್ರನ್ನ ನಾನ್ ಐನೂರ್ ಜನಕ್ಕೆ ಹಂಚುಕಾ? ನೀನ್ ಹೇಳ್, ನಾನ್ ಹಾಕ್ಸ್ತೆ.”

ಅದು ನಾಚಿಕೆಯಲ್ಲ, ಕ್ರಮ ಎಂದು ಹೇಳಲು ಬಾಯಿ ತೆರೆದೆ. ಏನು ಹೇಳಿದರೂ ಅವನಿಗೆ ಎರಡೂ ಒಂದೇ ಎಂದು ಅನಿಸಿತು. ಅವನ ದೃಷ್ಟಿಯಲ್ಲಿ ನೋಡಿ. ಶಾಲೆಯಲ್ಲಿ ಆ ಹೆಸರು ಹೇಳಿದರೆ ನಗುತ್ತಿದ್ದರು, ಮನೆಯಲ್ಲಿ ಅಮ್ಮ ಆ ಹೆಸರನ್ನು ಬಾಯಿಗೇ ತರುತ್ತಿರಲಿಲ್ಲ, ವಾರದ ದಿನವನ್ನೂ ಸುತ್ತಿ ಬಳಸಿ ದಾಟುತ್ತಿದ್ದಳು. ಹುಡುಗ ಏನು ತಿಳಿದುಕೊಳ್ಳಬೇಕು? ನಾನು ಗೌರವ ಎಂದುಕೊಂಡು ಮುಚ್ಚಿಟ್ಟದ್ದು ಅವನಿಗೆ ಕೊಳಕು ಬಟ್ಟೆ ಮುಚ್ಚಿಟ್ಟ ಹಾಗೆ ಕಂಡಿತ್ತು.

ಮಾರನೇ ದಿನ ಇಬ್ಬರೂ ಕುಂದಾಪುರದ ಪ್ರೆಸ್ಸಿಗೆ ಹೋದೆವು. ಸಣ್ಣ ಅಂಗಡಿ. ಮುಂದೆ ಕಂಪ್ಯೂಟರಿನ ಎದುರು ಪ್ರೆಸ್ಸಿನವರು, ಹಿಂದೆ ಅಚ್ಚಿನ ಯಂತ್ರ ಗಡಗಡ ಎನ್ನುತ್ತಿತ್ತು. ಮಹೇಶ ಮಾದರಿ ಕೊಟ್ಟು, “ಸಮಾ ಇತ್ತ್, ಹೊಡೀರಿ” ಎಂದ.

“ನಿಲ್ಲಿ” ಎಂದೆ. “ನನ್ ಗಂಡ್ನ ಹೆಸ್ರ್ ತಪ್ಪಿತ್ತ್.”

ಪ್ರೆಸ್ಸಿನವರು ಕನ್ನಡಕ ಮೇಲೆ ಮಾಡಿದರು. “ಹೌದಾ? ಹಾಂಗಾರೆ ಸರಿ ಹೆಸ್ರ್ ಎಂತ ಅಮ್ಮ?”

ಮಹೇಶ ಗೋಡೆಯಲ್ಲಿ ಅಂಟಿಸಿದ ಪತ್ರಿಕೆಗಳನ್ನು ನೋಡತೊಡಗಿದ. ಅವನಿಗೆ ಗೊತ್ತಿತ್ತು, ನಾನು ಹೇಳುವುದಿಲ್ಲ ಎಂದು. ನನಗೂ ಹಾಗೇ ಅನಿಸಿತು. ಬಾಯಿಂದ ತಾನಾಗಿ ಬಂದದ್ದು ಹಳೇ ಮಾತೇ: “ಶನಿವಾರದ್ ಮಾರ್ನೆ ದಿನ ಇತ್ತಲ್ಲ, ಅದೇ ಹೆಸ್ರ್.”

“ಭಾನುವಾರ… ರವಿ. ಅದೇ ಹಾಕಿತ್ತಲ್ಲ ಅಮ್ಮ. ಬ್ಯಾಡದಿದ್ರೆ ಆದಿತ್ಯ ಅಂದ್ ಹಾಕ್ವನಾ? ಈಗ ಎಲ್ಲರೂ ಅದನ್ನೇ ಇಡುದ್. ಚಂದ ಇತ್ತ್.”

ನೋಡಿ, ಅಲ್ಲಿ ನನಗೆ ಚುರುಕು ಮುಟ್ಟಿತು. ಇಷ್ಟು ವರ್ಷ ಆ ಗುಮಾಸ್ತರನ್ನು ಬೈದುಕೊಂಡಿದ್ದೆ. ಘಟ್ಟದ ಮೇಲಿನವರು, ನಮ್ಮ ಕ್ರಮ ಗೊತ್ತಿಲ್ಲ ಎಂದು. ಈ ಪ್ರೆಸ್ಸಿನವರು ಕುಂದಾಪುರದವರೇ. ಇವರೂ ಅದೇ ಹೇಳಿದರು. ಗಂಡನನ್ನು ರವಿ ಮಾಡಿದ್ದು ನಾನೇ. ಈಗ ಸುಮ್ಮನಿದ್ದರೆ ಆದಿತ್ಯನನ್ನೂ ಮಾಡುತ್ತೇನೆ. ಮೊದಲ ಪತ್ರಿಕೆ ಆನೆಗುಡ್ಡೆ ಗಣಪತಿಯ ಎದುರು ಇಡಬೇಕು. ಅಲ್ಲಿ ಯಾವುದೋ ಆದಿತ್ಯನ ಹೆಂಡತಿಯಾಗಿ ಕೈಮುಗಿಯುವುದೇ?

ಪ್ರೆಸ್ಸಿನವರಿಗೆ ನನ್ನ ಕಷ್ಟ ತಿಳಿಯಿತೋ ಏನೋ, ಚೀಟಿ ಪೆನ್ನು ಮುಂದೆ ತಳ್ಳಿದರು. “ಹೇಳುಕೆ ಆತಿಲ್ದಿದ್ರೆ ಬರ್ದ್ ಕೊಡಿ ಅಮ್ಮ. ಸುಮಾರ್ ಜನ ಹಾಂಗೇ ಮಾಡ್ತ್ರ್.”

ಪೆನ್ನು ಹಿಡಿದೆ. ಮಹೇಶನ ಬೆನ್ನು ಕಾಣುತ್ತಿತ್ತು. ಬರೆದು ಕೊಟ್ಟರೆ ಮತ್ತೆ ಅದೇ ಮುಚ್ಚಿಡುವ ಕೆಲಸ. ಪೆನ್ನು ಕೆಳಗಿಟ್ಟೆ.

“ಐತ” ಎಂದೆ.

ಪ್ರೆಸ್ಸಿನವರು ಕಿವಿಗೆ ಕೈ ಹಿಡಿದರು. “ಎಂತ? ಮಿಷನ್ ಶಬ್ದ ಅಮ್ಮ, ಜೋರಾಯಿ ಹೇಳಿ.”

“ಐತ!”

“ಇನ್ನೊಂದ್ ಸಲ?”

ನಾನು ಎದ್ದು ನಿಂತೆ. ದಡದಲ್ಲಿ ನಿಂತು ದೋಣಿಗೆ ಕೂಗುವ ಹಾಗೆ ಕೂಗಿದೆ, “ಐತಾ!”

ಹಿಂದೆ ಯಂತ್ರ ನಡೆಸುತ್ತಿದ್ದವನು ಯಂತ್ರ ನಿಲ್ಲಿಸಿ ಇಣುಕಿದ. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಮಹೇಶ ತಿರುಗಿದ. ಪ್ರೆಸ್ಸಿನವರ ಹತ್ತಿರ ಹೋಗಿ ಕಂಪ್ಯೂಟರಿನ ಮೇಲೆ ಬೆರಳಿಟ್ಟ.

“ರವಿ ತೆಗೀರಿ. ದಿವಂಗತ ಐತ ಅಂದ್ ಹಾಕಿ. ಎರಡೇ ಅಕ್ಷರ, ಜಾಗ ಸಾಕ್.”

ಪ್ರೆಸ್ಸಿನವರು ಟಕಟಕ ಹೊಡೆದರು. ನಾನು ಸ್ಟೂಲಿನ ಮೇಲೆ ಕುಳಿತು ನೀರು ಕೇಳಿದೆ. ಇಪ್ಪತ್ತಮೂರು ವರ್ಷ ಸಂಸಾರ ಮಾಡಿ, ಒಂಬತ್ತು ವರ್ಷ ವಿಧವೆಯಾಗಿದ್ದು, ಆ ಮನುಷ್ಯನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅಷ್ಟು ಜೋರಾಗಿ ಕರೆದೆ. ಓಗೊಡಲು ಅವರು ಇರಲಿಲ್ಲ.